ಪ್ರತಿಕ್ರಿಯೆ: ಅನುಭವ ಇರೋ ಮರ ಕಡಿಯೋರು ಸೇಫ್ಟಿ ಮಾತು ಕೇಳ್ತಿಲ್ಲ ಅಂದ್ರೆ

ಹೊಸದಾಗಿ ಸೂಪರ್‌ವೈಸರ್ ಆಗಿದೀನಿ, ಹಳೇ ಕೆಲಸಗಾರರು ಮಾತು ಕೇಳಲ್ಲ, ಮೇಲಿನವ್ರು ಬರೀ ಟಾರ್ಗೆಟ್ ಕೇಳ್ತಾರೆ, ಏನ್ಮಾಡ್ಲಿ ಅಂತ ಕೇಳಿದೀರಲ್ಲ, ಮೊದಲು ಮೇಲಿನವ್ರ ಹತ್ರಾನೇ ಕೂತು ಮಾತಾಡಿ. ಜೋರು ಗಾಳಿ, ಮಳೆ ಅಂತ ಕೆಲಸ ನಿಲ್ಲಿಸಿದ್ರೆ ಆಮೇಲೆ ನಿಮ್ಮನ್ನ ಯಾರೂ ಬಯ್ಯಬಾರ್ದು, ಅದನ್ನ ಬರವಣಿಗೇಲಿ ತಗೊಳ್ಳಿ. ಕೂಲಿ ಮರದ ಲೆಕ್ಕದಲ್ಲಿ ಕೊಡ್ತಿದ್ರೆ ಅದನ್ನೂ ಎತ್ತಿ, ಯಾಕಂದ್ರೆ ನಿಧಾನ ಮಾಡಿದ್ರೆ ದುಡ್ಡು ಹೋಗತ್ತೆ ಅಂದಾಗ ಎಷ್ಟು ಹೇಳಿದ್ರೂ ಅವ್ರು ಅವಸರ ಮಾಡೇ ಮಾಡ್ತಾರೆ, ತಪ್ಪು ಅವ್ರದ್ದಲ್ಲ.

ಇನ್ನು ಕೆಲಸದ ಜಾಗದಲ್ಲಿ, ಭಾಷಣ ಬೇಡ. ಬೆಳಿಗ್ಗೆ ಅವ್ರನ್ನೇ ಕೇಳಿ, ಈ ಮರ ಯಾವ ಕಡೆ ವಾಲಿದೆ, ಮೇಲೆ ಒಣಗಿದ ಕೊಂಬೆ ಇದ್ಯಾ, ಬೀಳೋವಾಗ ಯಾವ ದಾರೀಲಿ ಹಿಂದೆ ಸರೀತೀರ ಅಂತ. ಅನುಭವಸ್ಥರು ಕೇಳಿದ್ರೆ ಹೇಳ್ತಾರೆ, ಹೇಳಿಸ್ಕೊಳ್ಳೋದು ಅವ್ರಿಗೆ ಆಗಲ್ಲ ಅಷ್ಟೆ. ಮರ ಕೆಡವೋವಾಗ ಬೇರೆಯವ್ರು ಕಡಿಮೆ ಅಂದ್ರೂ ಆ ಮರದ 2 ಪಟ್ಟು ಎತ್ತರದಷ್ಟು ದೂರ ಇರ್ಬೇಕು, ಇಳಿಜಾರಲ್ಲಿ ಇನ್ನೂ ಜಾಸ್ತಿ, ಕೆಳಗಡೆ ಅಂತೂ ಯಾರೂ ಇರ್ಲೇಬಾರ್ದು.

ನನಗೆ ತುಂಬಾ ಭಯ ಆಗೋದು ಪಕ್ಕದ ಮರಕ್ಕೆ ಸಿಕ್ಕಾಕ್ಕೊಂಡು ಅರ್ಧಕ್ಕೆ ನಿಂತ ಮರ. ಅದರ ಕೆಳಗೆ ಹೋಗೋದು, ಅದು ಒರಗಿರೋ ಮರಾನ ಕಡಿಯೋದು, ಮೇಲೆ ಇನ್ನೊಂದು ಕೆಡವೋದು, ಮೂರೂ ಬೇಡ. ಜಾಗಕ್ಕೆ ಯಾರೂ ಹೋಗದ ಹಾಗೆ ಗುರುತು ಹಾಕಿ, ವಿಂಚ್ (ಹಗ್ಗ ಸುತ್ತಿ ಎಳೆಯೋ ಯಂತ್ರ) ತರ್ಸಿ ಎಳೆಸಿ, ಅರ್ಧ ದಿನ ಹೋದ್ರೂ ಪರ್ವಾಗಿಲ್ಲ.

ಹೆಲ್ಮೆಟ್, ಚೈನ್‌ಸಾ ಪ್ಯಾಂಟ್ (ಯಂತ್ರದ ಗರಗಸ ತಗುಲಿದ್ರೆ ಕಾಲು ಕಾಪಾಡೋ ಪ್ಯಾಂಟ್) ನೀವು ಮೊದ್ಲು ಹಾಕ್ಕೊಳ್ಳಿ. ನೆಟ್‌ವರ್ಕ್ ಇಲ್ದಿರೋ ಕಡೆ ಒಬ್ಬೊಬ್ರನ್ನೇ ಕಳಿಸ್ಬೇಡಿ. ರಕ್ತ ನಿಲ್ಲಿಸೋಕೆ ಬೇಕಾದ ಬ್ಯಾಂಡೇಜ್ ಗಾಡೀಲಲ್ಲ, ಗರಗಸ ಹಿಡಿದೋರ ಹತ್ರಾನೇ ಇರ್ಲಿ.