ಗಣಕ ಪ್ರಶ್ನೋತ್ತರ: ವೈಫೈ ಇದೆ, ಇಂಟರ್ನೆಟ್ ಇಲ್ಲ

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಅದರಲ್ಲಿದ್ದ ಆಂಟಿವೈರಸ್‌ನ ಚಂದಾ ಅವಧಿ ಮುಗಿದು, ಹಣ ಕಟ್ಟಿ ಎಂಬ ಸೂಚನೆ ದಿನಕ್ಕೆ ಹತ್ತು ಸಲ ಬರತೊಡಗಿತು. ಬೇಸತ್ತು, ಅಳಿಯನ ಸಲಹೆಯಂತೆ ಸೇಫ್ ಮೋಡ್‌ನಲ್ಲಿ ಕಂಪ್ಯೂಟರ್ ತೆರೆದು ಅದರ ಫೋಲ್ಡರನ್ನೇ ಅಳಿಸಿಹಾಕಿದೆ. ಅಂದಿನಿಂದ ವೈಫೈ ಸಿಕ್ಕಿದೆ ಎಂದು ತೋರಿಸಿದರೂ ಯಾವ ಜಾಲತಾಣವೂ ತೆರೆಯುತ್ತಿಲ್ಲ. ಅದೇ ವೈಫೈಯಲ್ಲಿ ಮನೆಯವರ ಫೋನುಗಳು ಸರಿಯಾಗಿ ನಡೆಯುತ್ತಿವೆ. ಪಕ್ಕದ ಮನೆಯ ಹುಡುಗ ಕಪ್ಪು ಪರದೆ ತೆರೆದು 8.8.8.8 ಎಂಬುದಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ಕರೆದು ನೋಡುವ ಪರೀಕ್ಷೆ) ಮಾಡಿದಾಗ ಉತ್ತರ ಬಂತು. ಅಂಗಡಿಯವರು ಫಾರ್ಮ್ಯಾಟ್ ಮಾಡಲೇಬೇಕು ಎನ್ನುತ್ತಾರೆ. ತೋಟದ ಹತ್ತು ವರ್ಷಗಳ ಲೆಕ್ಕ ಅದರಲ್ಲಿದೆ. ಬೇರೆ ದಾರಿ ಇಲ್ಲವೇ?
ಅಡಿಕೆ ಬೆಳೆಗಾರರು, ಸಾಗರ

ಉತ್ತರ: ದಾರಿ ಇದೆ, ಫಾರ್ಮ್ಯಾಟ್ ಈಗಲೇ ಬೇಡ. ಪಕ್ಕದ ಮನೆಯ ಹುಡುಗ ಮಾಡಿದ ಆ ಒಂದು ಪರೀಕ್ಷೆಯಿಂದಲೇ ಅರ್ಧ ಕೆಲಸ ಮುಗಿದಿದೆ. 8.8.8.8 ಎಂಬುದು ಗೂಗಲ್ ಸಂಸ್ಥೆಯ ಸಾರ್ವಜನಿಕ ಡಿಎನ್‌ಎಸ್ ಸರ್ವರಿನ, ಅಂದರೆ ಜಾಲತಾಣದ ಹೆಸರು ಕೊಟ್ಟರೆ ಅದರ ಸಂಖ್ಯಾ ವಿಳಾಸ ಹೇಳುವ ಕಂಪ್ಯೂಟರಿನ ವಿಳಾಸ. ಅಲ್ಲಿಂದ ಉತ್ತರ ಬಂದಿದೆ ಎಂದರೆ ನಿಮ್ಮ ವೈಫೈ ಕಾರ್ಡ್, ಅದರ ಡ್ರೈವರ್ (ಆ ಕಾರ್ಡನ್ನು ನಡೆಸುವ ತಂತ್ರಾಂಶ), ರೂಟರ್ ಮತ್ತು ಮನೆಗೆ ಬರುವ ಸಂಪರ್ಕ ಎಲ್ಲವೂ ಸರಿಯಾಗಿವೆ. ಕೆಟ್ಟಿರುವುದು ಇವುಗಳಿಗೂ ಬ್ರೌಸರಿಗೂ ನಡುವೆ ಇರುವ ತಂತ್ರಾಂಶದ ಪದರ ಮಾತ್ರ.

ವಿಂಡೋಸ್‌ನಲ್ಲಿ ಈ ಪದರಕ್ಕೆ ವಿನ್‌ಸಾಕ್ ಎಂದು ಹೆಸರು. ಬ್ರೌಸರ್ ಆಗಲಿ, ಇಮೇಲ್ ತಂತ್ರಾಂಶವಾಗಲಿ, ಇಂಟರ್ನೆಟ್ಟಿಗೆ ಹೋಗುವುದು ಇದರ ಮೂಲಕವೇ. ಬಂದುಹೋಗುವ ಮಾಹಿತಿಯನ್ನು ತಪಾಸಣೆ ಮಾಡುವ ಸಲುವಾಗಿ ಕೆಲವು ಆಂಟಿವೈರಸ್‌ಗಳು ಈ ದಾರಿಯ ನಡುವೆ ತಮ್ಮದೊಂದು ಕಡತವನ್ನು ಕೂರಿಸಿ, ಅದರ ಹೆಸರನ್ನು ವಿಂಡೋಸ್‌ನ ದಾಖಲೆಯಲ್ಲಿ ಬರೆಸಿಡುತ್ತವೆ. ನೀವು ಫೋಲ್ಡರ್ ಅಳಿಸಿದಾಗ ಕಡತ ಹೋಯಿತು, ದಾಖಲೆಯಲ್ಲಿನ ಹೆಸರು ಉಳಿಯಿತು. ತೋಟದ ಡ್ರಿಪ್ ಪೈಪಿನ ನಡುವಿನ ಫಿಲ್ಟರನ್ನು ಕಿತ್ತು, ಎರಡು ತುದಿಗಳನ್ನು ಜೋಡಿಸದೆ ಬಿಟ್ಟರೆ ಏನಾಗುತ್ತದೆಯೋ ಇಲ್ಲಿಯೂ ಅದೇ ಆಗಿರುವ ಸಾಧ್ಯತೆ ಹೆಚ್ಚು: ಪಂಪು ಓಡುತ್ತದೆ, ಗಿಡಕ್ಕೆ ನೀರು ಮುಟ್ಟುವುದಿಲ್ಲ.

ಏನು ಮಾಡುವುದಕ್ಕೂ ಮೊದಲು ಲೆಕ್ಕದ ಕಡತಗಳನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಮುಂದೆ ಹೇಳುವ ಯಾವ ಕ್ರಮವೂ ಅವುಗಳನ್ನು ಮುಟ್ಟುವುದಿಲ್ಲ, ಆದರೂ ಹತ್ತು ವರ್ಷಗಳ ಲೆಕ್ಕ ಒಂದೇ ಕಡೆ ಇರುವುದು ನನಗೆ ಸರಿ ಕಾಣುವುದಿಲ್ಲ. ಅನಂತರ ಆಂಟಿವೈರಸ್‌ನ ಅವಶೇಷಗಳನ್ನು ತೆಗೆಯಬೇಕು. ಹೆಚ್ಚಿನ ತಯಾರಕರು ಇದಕ್ಕೆಂದೇ ಪ್ರತ್ಯೇಕ ರಿಮೂವಲ್ ಟೂಲ್ ಕೊಡುತ್ತಾರೆ. ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತಯಾರಕರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ತಂದು ಓಡಿಸಿ, ರೀಸ್ಟಾರ್ಟ್ ಮಾಡಿ. ಇಷ್ಟಕ್ಕೇ ಸರಿಹೋದರೂ ಹೋಗಬಹುದು.

ಹೋಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್ ತೆರೆದು, ಅದರೊಳಗಿನ ಪ್ರಾಕ್ಸಿ ಪುಟವನ್ನು ನೋಡಿ. ಪ್ರಾಕ್ಸಿ ಎಂದರೆ ಬ್ರೌಸರಿಗೂ ಇಂಟರ್ನೆಟ್ಟಿಗೂ ನಡುವೆ ನಿಲ್ಲುವ ಮಧ್ಯವರ್ತಿ. ಅಲ್ಲಿ ಪ್ರಾಕ್ಸಿ ಸರ್ವರ್ ಚಾಲೂ ಇದ್ದು, ವಿಳಾಸದ ಜಾಗದಲ್ಲಿ 127.0.0.1 ಎಂದಿದ್ದರೆ ಕಾರಣ ಸಿಕ್ಕಿದಂತೆಯೇ. ಅದು ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಅಲ್ಲಿ ಕುಳಿತು ಉತ್ತರ ಕೊಡಬೇಕಾದ ತಂತ್ರಾಂಶವನ್ನು ನೀವು ಅಳಿಸಿದ್ದೀರಿ. ಆ ಪ್ರಾಕ್ಸಿಯನ್ನು ಆಫ್ ಮಾಡಿ.

ಪ್ರಾಕ್ಸಿ ಆಫ್ ಇದ್ದೂ ಪುಟಗಳು ತೆರೆಯದಿದ್ದರೆ ವಿನ್‌ಸಾಕ್ ದಾಖಲೆಯನ್ನು ಮೊದಲಿನ ಸ್ಥಿತಿಗೆ ತರಬೇಕು. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಮೌಸ್‌ನ ಬಲಗುಂಡಿ ಒತ್ತಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂಬುದನ್ನು ಆರಿಸಿ. ಬರೇ ತೆರೆದರೆ ಆದೇಶ ನಡೆಯುವುದಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಪದಗಳನ್ನು ಟೈಪ್ ಮಾಡಬೇಕು: ಎನ್, ಇ, ಟಿ, ಎಸ್, ಎಚ್ ಎಂಬ ಐದು ಅಕ್ಷರಗಳ ಮೊದಲ ಪದ, ಡಬ್ಲ್ಯು, ಐ, ಎನ್, ಎಸ್, ಓ, ಸಿ, ಕೆ ಎಂಬ ಏಳು ಅಕ್ಷರಗಳ ಎರಡನೆಯ ಪದ, ಕೊನೆಗೆ ರೀಸೆಟ್. ಪದಗಳ ನಡುವೆ ಒಂದೊಂದು ಖಾಲಿ ಜಾಗವಿರಲಿ. ಎಂಟರ್ ಒತ್ತಿದ ಮೇಲೆ ರೀಸ್ಟಾರ್ಟ್ ಮಾಡಲು ಸೂಚನೆ ಬರುತ್ತದೆ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ಇದಕ್ಕೆ ಸಮವಲ್ಲ ಎಂಬುದನ್ನು ಗಮನಿಸಿ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಇರುವಾಗ ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಂದು ಭಾಗ ಇದ್ದಂತೆಯೇ ಉಳಿದು ಮರುದಿನ ಮೇಲೇಳುತ್ತದೆ, ಆದ್ದರಿಂದ ರೀಸ್ಟಾರ್ಟ್ ಎಂಬುದನ್ನೇ ಆರಿಸಬೇಕು.

ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಆದೇಶವಿರಲಿಲ್ಲ. 2004ರ ಸರ್ವಿಸ್ ಪ್ಯಾಕ್ 2 ಬರುವವರೆಗೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ದಾಖಲೆ) ಕೀಲಿಗಳನ್ನು ಕೈಯಾರೆ ಅಳಿಸಿ, ಇಂಟರ್ನೆಟ್ ಸಂಪರ್ಕದ ಮೂಲ ನಿಯಮಗಳಾದ ಟಿಸಿಪಿ/ಐಪಿಯನ್ನು ಪುನಃ ಸ್ಥಾಪಿಸಬೇಕಾಗುತ್ತಿತ್ತು, ಆ ಕಷ್ಟ ತಪ್ಪಿಸಲು ಹಲವು ಪುಟ್ಟ ದುರಸ್ತಿ ತಂತ್ರಾಂಶಗಳು ಹರಿದಾಡುತ್ತಿದ್ದವು. ಅಂಥವುಗಳನ್ನು ಯಾರಾದರೂ ಇಂದು ನಿಮಗೆ ಕೊಟ್ಟರೆ ದಯವಿಟ್ಟು ಓಡಿಸಬೇಡಿ.

ಇಷ್ಟಾದರೂ ಬಗೆಹರಿಯದಿದ್ದರೆ ಒಂದು ಜಾಗ ಉಳಿದಿದೆ, ಅಂಗಡಿಗಳಲ್ಲಿ ಅದನ್ನು ನೋಡುವವರು ಕಡಿಮೆ. ಈಚಿನ ಆಂಟಿವೈರಸ್‌ಗಳು ವೈಫೈ ಕಾರ್ಡಿಗೇ ತಮ್ಮ ಫಿಲ್ಟರ್ ಡ್ರೈವರನ್ನು ಅಂಟಿಸುವುದುಂಟು. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ನಲ್ಲಿ ವೈಫೈ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಅಲ್ಲಿನ ಪಟ್ಟಿಯಲ್ಲಿ ಅದರ ಹೆಸರು ಕಾಣಬಹುದು. ಅದನ್ನು ಆರಿಸಿ ಅನ್‌ಇನ್‌ಸ್ಟಾಲ್ ಕೊಡಿ. ಅದೇ ಪಟ್ಟಿಯಲ್ಲಿರುವ ಇಂಟರ್ನೆಟ್ ಪ್ರೊಟೊಕಾಲ್ ಆವೃತ್ತಿ 4 ಮುಂತಾದವುಗಳ ತಂಟೆಗೆ ಹೋಗಬೇಡಿ.

ಮತ್ತೆ ಹಣ ಕೊಟ್ಟು ಆಂಟಿವೈರಸ್ ಕೊಳ್ಳಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹೊರಗಿನದು ಪೂರ್ತಿಯಾಗಿ ಹೋದ ಮೇಲೆ ವಿಂಡೋಸ್‌ನದೇ ಆದ ಡಿಫೆಂಡರ್ ತಾನಾಗಿ ಕೆಲಸ ಆರಂಭಿಸುತ್ತದೆ.

ಪ್ರಶ್ನೆ: ಇಂಟರ್ನೆಟ್ ಬಾರದಿದ್ದಾಗ ನೆಟ್‌ವರ್ಕ್ ರೀಸೆಟ್ ಒತ್ತಿದೆ. ಈಗ ಲ್ಯಾಪ್‌ಟಾಪಿನಲ್ಲಿ ವೈಫೈ ಚಿಹ್ನೆಯೇ ಮಾಯವಾಗಿದೆ. ಏನು ಮಾಡಲಿ?
ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೆಟ್‌ವರ್ಕ್ ರೀಸೆಟ್ ವೈಫೈ ಕಾರ್ಡಿನಂಥ ಎಲ್ಲ ನೆಟ್‌ವರ್ಕ್ ಅಡಾಪ್ಟರುಗಳನ್ನು ವಿಂಡೋಸ್‌ನಿಂದ ಕಿತ್ತುಹಾಕಿ, ರೀಸ್ಟಾರ್ಟ್ ಆದ ಮೇಲೆ ಮತ್ತೆ ಸ್ಥಾಪಿಸುತ್ತದೆ, ಉಳಿಸಿದ್ದ ವೈಫೈ ಪಾಸ್‌ವರ್ಡುಗಳೂ ಅದರೊಂದಿಗೆ ಹೋಗುತ್ತವೆ. ಹಾಗಾಗಿ ಅದನ್ನು ಕೊನೆಯಲ್ಲಿ ಬಳಸಬೇಕೇ ಹೊರತು ಮೊದಲಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮರುಸ್ಥಾಪನೆಯ ಹೊತ್ತಿಗೆ ಸರಿಯಾದ ಡ್ರೈವರ್ ಸಿಕ್ಕಿಲ್ಲವೆಂದು ತೋರುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು, ಹಳದಿ ಗುರುತಿರುವ ಸಾಧನ ಕಾಣುತ್ತದೆಯೇ ನೋಡಿ.

ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು ಎಂಬ ಈ ಸಿಕ್ಕಿಗೆ ನಿಮ್ಮ ಕೈಯಲ್ಲಿರುವ ಫೋನೇ ಪರಿಹಾರ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಹಾಟ್‌ಸ್ಪಾಟ್ ವಿಭಾಗದಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲ್ಯಾಪ್‌ಟಾಪ್ ಅದನ್ನು ಒಂದು ನೆಟ್‌ವರ್ಕ್ ಕಾರ್ಡ್ ಎಂದೇ ಗುರುತಿಸುತ್ತದೆ. ಆ ಸಂಪರ್ಕದಲ್ಲಿ ಮೊದಲು ವಿಂಡೋಸ್ ಅಪ್‌ಡೇಟ್ ಓಡಿಸಿ. ಅದರಲ್ಲಿ ಸಿಗದಿದ್ದರೆ ಲ್ಯಾಪ್‌ಟಾಪಿನ ಅಡಿಯಲ್ಲಿ ಅಚ್ಚಾಗಿರುವ ಮಾದರಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಕೊಟ್ಟು, ಅದಕ್ಕೆ ಹೊಂದುವ ವೈಫೈ ಡ್ರೈವರನ್ನು ಇಳಿಸಿಕೊಳ್ಳಿ.