ಬಿಳಿಯರ ಮೇಲೆ ಟೆಸ್ಟ್ ಮಾಡಿದ ಉಗುರಿನ ಫಂಗಸ್ ಔಷಧಿ ನಮಗೆ ನಾಟುತ್ತಾ?

ಪ್ರಶ್ನೆ: ಡಾಕ್ಟ್ರೇ, ನಾವಿರೋದು ನ್ಯೂಜೆರ್ಸಿಲಿ. ನಮ್ಮತ್ತೆ ಕಾಲಿನ ಹೆಬ್ಬೆರಳ ಉಗುರು ಹಳದಿಯಾಗಿ ದಪ್ಪ ಆಗಿದೆ, ಫಂಗಸ್ ಅಂದು ಎಫಿನಕೊನಜೋಲ್ ಅಂತ ಹಚ್ಚೋ ಔಷಧಿ ಬರ್ಕೊಟ್ಟಿದಾರೆ. ಅದರ ಟ್ರಯಲ್‌ಲಿ ಇದ್ದೋರು ಹೆಚ್ಚಾಗಿ ಬಿಳಿಯರೇ ಅಂತ ಓದಿದೆ. ನಮ್ಮಂಥವರಿಗೆ ಕೆಲಸ ಮಾಡುತ್ತಾ?

ಉತ್ತರ: ಮಾಡುತ್ತಮ್ಮ, ಹಚ್ಚೋಕೆ ಹೆದರ್ಬೇಡಿ. ಈ ಔಷಧಿ ಫಂಗಸ್ ತನ್ನ ಪೊರೆ ಕಟ್ಕೊಳ್ಳದ ಹಾಗೆ ತಡೆಯುತ್ತೆ, ಚರ್ಮದ ಬಣ್ಣ ಯಾವುದಾದ್ರೂ ಆ ಕೆಲಸ ಬದಲಾಗಲ್ಲ. ಆದ್ರೂ ನೀವು ಕೇಳಿದ್ದು ಕೇಳಲೇಬೇಕಾದ ಪ್ರಶ್ನೆ.

2014ರಲ್ಲಿ ಅಮೆರಿಕದ ಎಫ್‌ಡಿಎ, ಅಂದ್ರೆ ಔಷಧಿಗಳನ್ನ ಪರಿಶೀಲಿಸೋ ಸರ್ಕಾರಿ ಸಂಸ್ಥೆ, ಇದಕ್ಕೆ ಒಪ್ಪಿಗೆ ಕೊಟ್ಟಿದ್ದು ಎರಡು ದೊಡ್ಡ ಟ್ರಯಲ್ ನೋಡಿ, ಎರಡೂ ಸೇರಿ ಸುಮಾರು 1,650 ಜನ. ದಿನಾ ಒಂದ್ಸಲದ ಹಾಗೆ 48 ವಾರ ಹಚ್ಚಿ, 52ನೇ ವಾರ ನೋಡಿದಾಗ ಉಗುರು ಪೂರ್ತಿ ಗುಣ ಆಗಿದ್ದು ನೂರಕ್ಕೆ 15ರಿಂದ 18 ಜನಕ್ಕೆ, ಔಷಧಿ ಇಲ್ದೆ ಬರೀ ದ್ರವ ಹಚ್ಚಿದೋರಲ್ಲಿ 3ರಿಂದ 6. ಹೆಚ್ಚಿನವರು ಬಿಳಿಯರೇ ಅನ್ನೋದು ನಿಜ, ಭಾಗವಹಿಸಿದವರ ಪಟ್ಟಿಲಿ ಏಷ್ಯನ್ ಅನ್ನೋ ಕಾಲಂ ಕೂಡ ಇತ್ತು, ಆದ್ರೆ ಔಷಧಿ ಹುಟ್ಟಿದ್ದೇ ಜಪಾನಿನ ಕಂಪನಿಲಿ, ಎರಡರಲ್ಲಿ ಒಂದು ಟ್ರಯಲ್ ಜಪಾನಿನಲ್ಲೂ ನಡೀತು, ಹಾಗಾಗಿ ಆ ಕಾಲಂ ಮುಖ್ಯವಾಗಿ ತುಂಬಿದ್ದು ಜಪಾನಿನವರಿಂದ. ಮಂಡ್ಯದ ಅಜ್ಜಿನೂ ಟೋಕಿಯೋದ ಅಜ್ಜಿನೂ ಒಂದೇ ಡಬ್ಬಿಗೆ ಹಾಕಿದ್ರೆ ಅದನ್ನ ವೈವಿಧ್ಯ ಅಂತ ನಾನು ಒಪ್ಪಲ್ಲ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಆ ಟ್ರಯಲ್‌ಗೆ ತಗೊಂಡಿದ್ದು 70 ವರ್ಷದೊಳಗಿನವರನ್ನ, ಅದೂ ಹೆಬ್ಬೆರಳ ಉಗುರು ಅರ್ಧದಷ್ಟು ಅಥವಾ ಅದಕ್ಕಿಂತ ಕಮ್ಮಿ ಕೆಟ್ಟಿದ್ರೆ ಮಾತ್ರ. ಅತ್ತೆಯವರ ಉಗುರು ಬುಡದವರೆಗೂ ಹೋಗಿದ್ರೆ ಆ ಲೆಕ್ಕ ಅವರಿಗೆ ನೇರವಾಗಿ ಹೊಂದಲ್ಲ, ಬಣ್ಣಕ್ಕಿಂತ ಇದೇ ನನಗೆ ಮುಖ್ಯ ಅನ್ಸುತ್ತೆ.

ಬಣ್ಣ ಲೆಕ್ಕಕ್ಕೆ ಬರೋದು ಕಾಯಿಲೆ ಗುರುತಿಸೋ ಕಡೆ. ಕಪ್ಪು, ಕಂದು ಚರ್ಮದ ಹಲವರಿಗೆ ಉಗುರಿನ ಬುಡದಿಂದ ತುದಿವರೆಗೂ ಪೆನ್ಸಿಲ್‌ಲಿ ಎಳೆದ ಹಾಗೆ ಗೆರೆ ಸಹಜವಾಗೇ ಇರುತ್ತೆ, ಕೆಲವು ಫಂಗಸ್ ಕೂಡ ಅಂಥ ಕಪ್ಪು ಗೆರೆ ಮೂಡಿಸುತ್ತೆ, ಅಪರೂಪಕ್ಕೆ ಅದೇ ಗೆರೆ ಉಗುರಿನಡಿಯ ಮೆಲನೋಮ ಅನ್ನೋ ಕ್ಯಾನ್ಸರ್ ಕೂಡ ಆಗಿರುತ್ತೆ. ಬಿಳಿ ಕಾಲಿನ ಫೋಟೋ ನೋಡಿ ಕಲಿತ ಕಣ್ಣಿಗೆ ಈ ಮೂರನ್ನ ಬೇರೆ ಮಾಡೋದು ಕಷ್ಟ, ಅದಕ್ಕೇ ಟ್ರಯಲ್‌ಲಿ ಎಲ್ಲ ಬಣ್ಣದವರೂ ಬೇಕು ಅಂತ ನಾನು ಹಠ ಹಿಡಿಯೋದು. 2022ರ ಡಿಸೆಂಬರ್‌ಲಿ ಅಮೆರಿಕದಲ್ಲಿ ಕಾನೂನೇನೋ ಬಂತು, ದೊಡ್ಡ ಟ್ರಯಲ್‌ಗೆ ಯಾರ್ಯಾರನ್ನ ಸೇರಿಸ್ತೀವಿ ಅನ್ನೋ ಪ್ಲ್ಯಾನ್ ಕಂಪನಿ ಮೊದಲೇ ಕೊಡ್ಬೇಕು ಅಂತ. ಆದ್ರೆ ಒಂದು ವರ್ಷ ಆಗಾಗ ಕ್ಲಿನಿಕ್‌ಗೆ ಬರೋಕೆ ದಿನಗೂಲಿಯವರಿಗೆ ರಜೆ ಎಲ್ಲಿ ಸಿಗುತ್ತೆ, ಸಂಜೆ ಹೊತ್ತು ತೆರೆದು ಬಸ್ ಚಾರ್ಜ್ ಕೊಡದೆ ಪ್ಲ್ಯಾನ್ ಕಾಗದದಲ್ಲೇ ಉಳಿಯುತ್ತೆ.

ನೀವು ಮೊದಲು ಕೇಳ್ಬೇಕಾದ್ದು, ಉಗುರಿನ ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿದ್ರಾ ಅಂತ. ಇಲ್ಲ ಅಂದ್ರೆ ಕಳ್ಸಿ, ಬರೀ ನೋಡಿ ಫಂಗಸ್ ಅಂದ್ರೆ ಸಾಲದು. ಗೆರೆ ಇದ್ದು ಅಗಲ ಆಗ್ತಿದ್ರೆ ಅಥವಾ ಪಕ್ಕದ ಚರ್ಮಕ್ಕೂ ಹರಡಿದ್ರೆ ಕಾಯದೆ ಚರ್ಮದ ಡಾಕ್ಟ್ರಿಗೆ ತೋರ್ಸಿ. ಸಕ್ಕರೆ ಕಾಯಿಲೆ ಇದ್ರೆ ಅದನ್ನೂ ಹೇಳಿ. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬರೋಕೆ ಒಂದರಿಂದ ಒಂದೂವರೆ ವರ್ಷ ಬೇಕು, ತಿಂಗಳಿಗೊಂದು ಫೋಟೋ ತೆಗೆದಿಟ್ಕೊಳ್ಳಿ.