ರ‍್ಯಾಮ್ ಹಾಕಿಸುವ ಮುಂಚೆ ಕೋಡ್ ತೆರೆದು ನೋಡಿ

ಪ್ರಶ್ನೆ: ಸರ್, ಬ್ಯಾಡಗಿಯ ದಲಾಲಿ ಅಂಗಡಿಯೊಂದರ ಸರ್ವರ್ ನೋಡಿಕೊಳ್ಳುತ್ತೇನೆ. ಪೈಥಾನ್ ಭಾಷೆಯಲ್ಲಿ ನೆಟ್‌ವರ್ಕ್ ಸೇವೆ ಕಟ್ಟುವ ಟ್ವಿಸ್ಟೆಡ್ ಎಂಬ ಸಲಕರಣೆ ಬಳಸಿ ಮೆಣಸಿನಕಾಯಿ ದರದ ಜಾಲತಾಣ, ಇಮೇಲ್, ಎಫ್‌ಟಿಪಿ (ಕಡತ ಸಾಗಿಸುವ ಸೇವೆ) ಮೂರನ್ನೂ ಒಟ್ಟಿಗೆ ನಡೆಸುತ್ತಿದ್ದೇವೆ. ಸಂಜೆ ರೈತರ ಲೆಕ್ಕದ ಪಿಡಿಎಫ್ ತಯಾರಾಗುವಾಗ ಮೂರೂ ನಿಂತುಬಿಡುತ್ತವೆ. ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯವರು ರ‍್ಯಾಮ್ ಹೆಚ್ಚಿಸಿ ಎನ್ನುತ್ತಾರೆ.

ಉತ್ತರ: ಮತ್ತೆ ರ‍್ಯಾಮ್! ಮಾರುವವನನ್ನು ಕೇಳಿದರೆ ಇನ್ನೇನು ಹೇಳುತ್ತಾನೆ?

ಹಲವು ಸೇವೆಗಳನ್ನು ಒಟ್ಟುಗೂಡಿಸುವ ಮಲ್ಟಿಸರ್ವಿಸ್ ಅಡಿಯಲ್ಲಿ ಮೂರು ಸೇವೆಗಳನ್ನು ಬಿಡಿಬಿಡಿಯಾಗಿ ಜೋಡಿಸಿದ್ದೀರಿ, ಸರಿ. ಆದರೆ ಆ ಬೇರ್ಪಡಿಕೆ ಇರುವುದು ನಿಮ್ಮ ಕೋಡ್‌ನಲ್ಲಿ ಮಾತ್ರ. ಅವನ್ನು ಓಡಿಸುವ ರಿಯಾಕ್ಟರ್ (ಬಂದ ಕೆಲಸಗಳನ್ನು ಸರದಿಯಲ್ಲಿ ನಡೆಸುವ ಎಂಜಿನ್) ಒಂದೇ, ಅದರ ಥ್ರೆಡ್, ಅಂದರೆ ಕೆಲಸ ಸಾಗುವ ಎಳೆ, ಒಂದೇ. ಖಾನಾವಳಿಯಲ್ಲಿ ಬಡಿಸುವ ಒಬ್ಬನೇ ಹುಡುಗ ರೊಟ್ಟಿ ತಟ್ಟಲು ಕುಳಿತರೆ ಇಡೀ ಪಂಕ್ತಿ ಕಾಯಬೇಕು. ನಂಬಿಕೆ ಬಾರದಿದ್ದರೆ ಜಾಲತಾಣದ ಒಂದು ಫಂಕ್ಷನ್ನಿನಲ್ಲಿ ಟೈಮ್.ಸ್ಲೀಪ್ 10 ಎಂದು ಬರೆದು, ಆ ಪುಟ ತೆರೆದ ಕೂಡಲೇ ಇಮೇಲ್ ತೆಗೆಯಲು ನೋಡಿ. 10 ಸೆಕೆಂಡು ಅದು ಉಸಿರೆತ್ತುವುದಿಲ್ಲ. ವ್ಯಾಪಾರದ ಹೊತ್ತಿನಲ್ಲಿ ಈ ಪ್ರಯೋಗ ಮಾಡಿ ನನ್ನನ್ನು ಬೈಯಬೇಡಿ.

ಸರ್ವರನ್ನು ತಡೆಯುತ್ತಿರುವುದು ಕಾಯುವ ಕೆಲಸವೋ ದುಡಿಯುವ ಕೆಲಸವೋ ಎಂಬುದನ್ನು ಮೊದಲು ಹಿಡಿಯಿರಿ. ಡೇಟಾಬೇಸ್‌ನ ಉತ್ತರಕ್ಕೆ ಕಾಯುವುದಾದರೆ ಕೆಲಸವನ್ನು ಬೇರೆ ಥ್ರೆಡ್‌ಗೆ ದಾಟಿಸುವ ಡಿಫರ್‌ಟುಥ್ರೆಡ್ ಸಾಕು. ನೀವಾಗಿ ಬದಲಿಸದಿದ್ದರೆ ಅಲ್ಲಿ ಗರಿಷ್ಠ 10 ಥ್ರೆಡ್‌ಗಳು ಎಂಬುದು ನೆನಪಿರಲಿ. ಪಿಡಿಎಫ್ ಹಾಗಲ್ಲ, ಅದು ಪ್ರೊಸೆಸರನ್ನೇ ತಿನ್ನುತ್ತದೆ. ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಜಿಐಎಲ್ ಬೀಗ ಇರುವಾಗ ಅದನ್ನು ಥ್ರೆಡ್‌ಗೆ ತಳ್ಳಿದರೂ ಉಳಿದ ಸೇವೆಗಳು ಏದುಸಿರು ಬಿಡುತ್ತವೆ. ಸ್ಪಾನ್‌ಪ್ರೊಸೆಸ್ ಮೂಲಕ ಬೇರೆ ಪ್ರೊಸೆಸ್‌ಗೆ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂಗೆ) ಕಳಿಸಿ.

ನನ್ನನ್ನು ಕೇಳಿದರೆ ಇಮೇಲನ್ನೂ ಅಲ್ಲಿಂದ ಎತ್ತಿ ಪೋಸ್ಟ್‌ಫಿಕ್ಸ್ ಎಂಬ ಪ್ರತ್ಯೇಕ ಮೇಲ್ ಸರ್ವರ್‌ಗೆ ಒಪ್ಪಿಸುತ್ತೇನೆ. ಒಂದೇ ಪ್ರೊಸೆಸ್‌ನಲ್ಲಿ ಪಿಡಿಎಫ್ ಕುಸಿದುಬಿದ್ದರೆ ಅಂಗಡಿಯ ಟಪಾಲೂ ಅದರ ಜೊತೆ ಹೋಗುತ್ತದೆ. ಹಣದ ವ್ಯವಹಾರದಲ್ಲಿ ಇಷ್ಟು ಧೈರ್ಯ ನನಗಿಲ್ಲ.

ಪ್ರಶ್ನೆ: ಜಾಲತಾಣದ 80ನೇ ಪೋರ್ಟ್ (ಸರ್ವರ್‌ನ ಸಂಪರ್ಕದ ಬಾಗಿಲು) ತೆರೆಯಲು ಅನುಮತಿ ಸಿಗುತ್ತಿಲ್ಲ. ಸರ್ವರನ್ನು ಸದಾ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿಯೇ ಓಡಿಸಲೇ? (ಗದಗ)

ಉತ್ತರ: ಖಂಡಿತ ಬೇಡ. ರೂಟ್ ಆಗಿ ಶುರುಮಾಡಿ, ಪೋರ್ಟ್ ಹಿಡಿದ ಮೇಲೆ ಸಾಮಾನ್ಯ ಬಳಕೆದಾರನ ಹೆಸರಿಗೆ ಇಳಿಯುವ ಯುಐಡಿ ಆಯ್ಕೆ ಟ್ವಿಸ್ಟೆಡ್ ಸರ್ವರ್ ಶುರುಮಾಡುವ ಟ್ವಿಸ್ಟ್‌ಡಿ ಆಜ್ಞೆಯಲ್ಲೇ ಇದೆ. ಎಲ್ಲ ಕಡತಗಳಿಗೂ 777 (ಯಾರು ಬೇಕಾದರೂ ಓದಿ, ತಿದ್ದಿ, ಓಡಿಸುವ ಅನುಮತಿ) ಕೊಡಿ ಎನ್ನುವ ಯೂಟ್ಯೂಬ್ ಪಂಡಿತರ ಸಹವಾಸ ಇವತ್ತೇ ಬಿಡಿ.

ಪ್ರಶ್ನೆ: ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಪೋರ್ಟನ್ನು 22ರಿಂದ 2222ಕ್ಕೆ ಬದಲಿಸಿದರೆ ಕಳ್ಳರ ಕಾಟ ತಪ್ಪುತ್ತದೆಯೇ? (ಧಾರವಾಡ)

ಉತ್ತರ: ಇಲ್ಲ, ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಗುರುತು ತೋರಿಸುವ ಕಡತ) ಬಳಸಿ.